ಇಬ್ಬರ ಕೈ ಸೇರಿದ ಕಟ್ಟು

ಬೆಟಗೇರಿಯ ಎಲುಬಿನ ಆಸ್ಪತ್ರೆಯೊಂದರ ಪ್ಲಾಸ್ಟರ್ ಕೋಣೆ. ಹೊರಗೆ ಇನ್ನೂ ಮಬ್ಬು ಹರಿದಿಲ್ಲ. ನೀಲಗಂಗವ್ವ ಬಕೆಟ್ಟಿನ ನೀರಿಗೆ ಮೊಣಕೈ ಅದ್ದಿ ಬಿಸಿ ನೋಡುತ್ತಾರೆ, ಕೂಸಿಗೆ ಎರೆಯುವವರ ಹಾಗೆ.

ಗಂಡ ತೀರಿಕೊಂಡ ಮೇಲೆ ಇಲ್ಲಿ ನೆಲ ಒರೆಸಲು ಬಂದವರು. ಅಳುವ ಮಕ್ಕಳನ್ನು ಹಿಡಿದುಕೊಳ್ಳುತ್ತ ಪ್ಲಾಸ್ಟರ್ ಕೆಲಸ ಕಲಿತರು. ದಿನಕ್ಕೆ ಇಪ್ಪತ್ತರಷ್ಟು ಕೈಕಾಲು. ಪ್ಲಾಸ್ಟರ್ ನೀರಿಗೆ ಇವರ ಬೆರಳ ಸಂದುಗಳು ಒಡೆದಿವೆ. ಯಾವ ಬಗೆಯ ಮುರಿತವೆಂದು ಡಾಕ್ಟರು ಹೇಳುತ್ತಾರೆ. ಅದನ್ನು ರೋಗಿಯ ಮನೆಯವರಿಗೆ ತಿಳಿಸಿ ಹೇಳುವವರು ಇವರು. ಇವರ ಕೆಲಸ ನೋಡಲು ಬಂದ ನನಗೂ ಹಾಗೆಯೇ ಹೇಳುತ್ತಾರೆ:

"ಒಂದೊಂದ್ಸಲ ಗಾಜಿನ ಬಳೆಗೆ ಸೀಳು ಬಿಟ್ಟಂಗ ಬರೇ ಗೆರಿ ಬಿದ್ದಿರತೈತ್ರಿ. ಕೆಲವು ಎರಡು ತುಂಡಾಗಿ ಸರದಿರತಾವು. ಬೈಕಿನಿಂದ ಬಿದ್ದೋರದು ಚೂರುಚೂರು. ಚರ್ಮ ಹರದು ಎಲುಬು ಹೊರಗ ಬಂದ್ರ ಸೀದಾ ಆಪರೇಶನ್ನಿಗೆ. ಸಣ್ಣ ಹುಡುಗ್ರದು ಹಸಿ ಕಟಗಿ ಇದ್ದಂಗ, ಒಂದು ಕಡಿ ಸೀಳಿ ಇನ್ನೊಂದು ಕಡಿ ಬಾಗತೈತಿ."

ಅಷ್ಟರಲ್ಲಿ ಅಸುಂಡಿಯ ಫಕ್ಕೀರವ್ವ ಮೊಮ್ಮಗಳು ಸ್ನೇಹಾಳನ್ನು ಎತ್ತಿಕೊಂಡು ಬರುತ್ತಾರೆ. ಹುಡುಗಿ ಜೋಕಾಲಿಯಿಂದ ಬಿದ್ದು ಕೈ ಮುರಿದುಕೊಂಡಿದ್ದಾಳೆ. ಊರಲ್ಲಿ ಎಲುಬು ಕಟ್ಟುವವರು ಫಕ್ಕೀರವ್ವನೇ. ನಿನ್ನೆ ಬಿದಿರ ದಬ್ಬೆ ಇಟ್ಟು ಬಿಗಿಯಾಗಿ ಕಟ್ಟಿದ್ದಾರೆ. ರಾತ್ರಿ ಕೈ ಬಾತಿದೆ. ಈಗ ಬೆರಳುಗಳು ನೀಲಿ, ತಣ್ಣಗೆ.

ಡಾಕ್ಟರ್ ಸಂಜೀವ ಮುಟ್ಟಿ ನೋಡುತ್ತಾರೆ. "ಜಲ್ದಿ ಬಿಚ್ಚರಿ. ತಡಾ ಆದ್ರ ಕೈ ಉಳಿಯೂದಿಲ್ಲ."

ನೀಲಗಂಗವ್ವ ಕತ್ತರಿ ತೆಗೆಯುತ್ತಲೇ ಅಜ್ಜಿ ಅಡ್ಡ ಬರುತ್ತಾರೆ. "ಬ್ಯಾಡ ತಂಗಿ. ಯಾರ ಕೈ ಕಟ್ಟಿರತೈತಿ ಅದ ಕೈ ಬಿಚ್ಚಬೇಕು, ಇಲ್ಲಾಂದ್ರ ಎಲುಬು ಕೂಡೂದಿಲ್ಲ."

"ಹಂಗಾರ ನೀನ ಬಿಚ್ಚಬೇ."

ಅಜ್ಜಿ ಬಾವಿನಲ್ಲಿ ಹುದುಗಿದ ಗಂಟಿಗಾಗಿ ತಡಕಾಡುತ್ತಾರೆ, ಸಿಗುವುದಿಲ್ಲ. ನೀಲಗಂಗವ್ವ ಕತ್ತರಿಯನ್ನು ಅಜ್ಜಿಯ ಬೆರಳಿಗೇ ತೊಡಿಸಿ, ಮೇಲೆ ತಮ್ಮ ಕೈ ಇಟ್ಟು ಒತ್ತುತ್ತಾರೆ. ಪಟ್ಟಿ ಹರಿಯುತ್ತದೆ. ದಬ್ಬೆಗಳು ಕಳಚಿ ಬೀಳುತ್ತವೆ. ನೀಲಿ ತಿಳಿಯಾಗುತ್ತ ಬರುತ್ತದೆ. ನೀಲಗಂಗವ್ವ ಕಿರುಬೆರಳನ್ನು ಮೆಲ್ಲಗೆ ಚಿವುಟುತ್ತಾರೆ.

"ಚಿವುಟಬ್ಯಾಡ, ನೋಯ್ತೈತಿ," ಎಂದು ಹುಡುಗಿ ಸಿಡುಕುತ್ತಾಳೆ.

"ನೋಯ್ತೈತಾ? ಚೊಲೋ ಆತು ನಮ್ಮವ್ವ."

ಎಕ್ಸ್‌ರೇಯಲ್ಲಿ ಕಂಡದ್ದು ಹಸಿ ಕಟ್ಟಿಗೆಯಂಥ ಮುರಿತವೇ. ಬಾವು ಇಳಿಯುವವರೆಗೆ ಒಂದೇ ಮಗ್ಗುಲಿಗೆ ಪ್ಲಾಸ್ಟರ್ ಸಾಕು ಎನ್ನುತ್ತಾರೆ ಡಾಕ್ಟರು. ಒದ್ದೆ ಪಟ್ಟಿ ಇಟ್ಟ ನೀಲಗಂಗವ್ವ ಅಜ್ಜಿಯನ್ನು ಕರೆದು, ಅಂಗೈಯಿಂದ ಸವರಿ ನುಣುಪು ಮಾಡಲು ಹೇಳುತ್ತಾರೆ. ಫಕ್ಕೀರವ್ವ ರೊಟ್ಟಿ ತಟ್ಟುವಷ್ಟೇ ಹಗುರಾಗಿ ಸವರುತ್ತಾರೆ.

ಅವರು ಹೊರಟ ಮೇಲೆ, ಅಜ್ಜಿಯ ಕೈ ಯಾಕೆ ಬೇಕಾಗಿತ್ತು ಎಂದು ಕೇಳುತ್ತೇನೆ. ನೀಲಗಂಗವ್ವ ಬಕೆಟ್ಟು ತೊಳೆಯುತ್ತ ನಗುತ್ತಾರೆ.

"ಈ ಕಟ್ಟು ಇಬ್ಬರೂ ಸೇರಿ ಕಟ್ಟಿದ್ದೈತ್ರಿ, ಬಿಚ್ಚಾಕೂ ಇಬ್ಬರೂ ಬೇಕು. ಇನ್ನ ಊರಾಗ ಒಬ್ಬಾಕೀನ ಬಿಚ್ಚಾಕ ಆಕಿಗೆ ಮನಸ್ಸು ಬರೂದಿಲ್ಲ. ಹುಡುಗೀನ ಕರಕೊಂಡು ನನ್ನ ಕಡೀನ ಬರ್ತಾಳ."