ಕೇಳಿ ಬರ್ರಿ ಅಂದಿದ್ದರು ವೈನಿ

ವೈನಿ ನನಗೆ ಹೇಳಿದ್ದು ಒಂದೇ ಕೆಲಸ. ಅದನ್ನು ನಾನು ಮಾಡಲಿಲ್ಲ. ಮಾಡಿದೆ ಅಂತ ಸುಳ್ಳು ಹೇಳಿದೆ. ಮೊನ್ನೆ ಬೆಳಿಗ್ಗೆ ಮೊಣಕಾಲು ತೋರಿಸಲು ದವಾಖಾನೆಗೆ ಹೊರಟಿದ್ದೆ. ಪಕ್ಕದ ಮನೆಯಲ್ಲಿ ಪಂಚಮಿ ಉಂಡಿಗೆ ಶೇಂಗಾ ಹುರಿಯುತ್ತಿದ್ದರು. ಆ ವಾಸನೆಗೆ ಹೊಸ್ತಿಲಲ್ಲೇ ನಿಂತುಬಿಟ್ಟೆ…

ವೈನಿ ನನ್ನ ಅಣ್ಣನ ಹೆಂಡತಿ. ಅವರಿದ್ದದ್ದು ಲಕ್ಷ್ಮೇಶ್ವರದಲ್ಲಿ. ನನ್ನನ್ನು ಬೆಟಗೇರಿಗೆ ಕೊಟ್ಟಿದ್ದರು. ನಾಲ್ಕನೇ ಇಯತ್ತೆಗೆ ಶಾಲೆ ಬಿಟ್ಟವಳು ನಾನು. ಮಗ್ಗಕ್ಕೆ ನೂಲಿನ ಕಂಡಿಕೆ ಸುತ್ತುತ್ತಲೇ ವಯಸ್ಸಾಯಿತು. ಪ್ರತಿ ಪಂಚಮಿಗೂ ಅಣ್ಣ ಬಂದು ನನ್ನನ್ನು ತವರಿಗೆ ಕರೆದೊಯ್ಯುತ್ತಿದ್ದ. ಬಂದವನು ಕೂರುತ್ತಲೂ ಇರಲಿಲ್ಲ. "ಜಲ್ದಿ ನಡಿ, ನಿಮ್ಮ ವೈನಿ ಉಂಡಿ ಕಟ್ಟಿ ದಾರಿ ನೋಡಾಕತ್ತಾಳ" ಅನ್ನುತ್ತಿದ್ದ.

ಒಂದು ವರ್ಷ ಅವನು ಬರಲಿಲ್ಲ. ಖಬರೂ ಇಲ್ಲ. ವೈನಿಯೇ ಬೇಡ ಅಂದಿರಬೇಕು ಅಂದುಕೊಂಡೆ. ಹಬ್ಬ ಮುಗಿದ ಮೇಲೆ ಸಿಟ್ಟಿನಲ್ಲೇ ಹೋದೆ. ಹಗಲು ಹೊತ್ತಿನಲ್ಲೂ ಬಾಗಿಲಿಗೆ ಒಳಗಿನಿಂದ ಬೀಗ. ವೈನಿ ತೆಗೆದರು. ಅವರ ಹಿಂದೆ ಅಣ್ಣ ಅಂಗಿಯನ್ನು ತಿರುವಿ ಹಾಕಿಕೊಂಡು, ಕೈಯಲ್ಲಿ ಚೀಲ ಹಿಡಿದು ನಿಂತಿದ್ದ. ನನ್ನನ್ನು ನೋಡಿ ಕೈ ಮುಗಿದ. ಆಮೇಲೆ ವೈನಿಗೆ ಹೇಳಿದ: "ಬಂದವ್ರಿಗೆ ಚಾ ಕೊಡು. ನಾ ಬೆಟಗೇರಿಗೆ ಹೋಗಿ ತಂಗೀನ ಕರಕೊಂಡ ಬರ್ತೀನಿ. ಬಸ್ ಹೋಗಿಬಿಡ್ತೈತಿ."

ಆ ತಂಗಿ ನಾನೇ, ಎದುರಿಗೇ ನಿಂತಿದ್ದೆ.

"ಚಲೋ ಕಲಿಸೀರಿ ವೈನಿ," ಅಂದೆ. "ತವರಮನಿ ಬಾಗಿಲಾ ಮುಚ್ಚಾಕ ನಮ್ಮಣ್ಣನ ಕಡಿಂದನ ಹಿಂಗ ಅನಿಸಬೇಕಾ?"

ವೈನಿ ಜಗಳಕ್ಕೆ ಬರಲಿಲ್ಲ. ಅಡುಗೆಮನೆಗೆ ಕರೆದು ಮೆಲ್ಲಗೆ ಹೇಳಿದರು. ಅಣ್ಣ ದಿನಾ ಹೀಗೇ ನನ್ನನ್ನು ಕರೆತರಲು ಹೊರಡುತ್ತಾನಂತೆ. ಬಿಟ್ಟರೆ ಸಿಕ್ಕ ಬಸ್ ಹತ್ತುತ್ತಾನೆ. ಒಮ್ಮೆ ಶಿರಹಟ್ಟಿಯಿಂದ ಯಾರೋ ಪುಣ್ಯಾತ್ಮರು ಕರೆತಂದರಂತೆ. ತಡೆದರೆ ಹೊಡೆಯಲು ಬರುತ್ತಾನಂತೆ. ವೈನಿಯ ಮುಂಗೈ ನೀಲಿಗಟ್ಟಿತ್ತು. ನೋಡಿದೆ, ನೋಡದಂತೆ ಕುಳಿತೆ.

"ತಂಗೀ, ನನಗ ಬೇಕಾದ್ದು ಅನ್ರಿ. ಆದ್ರ ದೊಡ್ಡ ದವಾಖಾನಿ ನಿಮ್ಮ ಕಡೆ ಐತಿ. ಇದಕ್ಕ ಏನಂತಾರ, ಹೆಂಗ ನೋಡಿಕೋಬೇಕು, ಒಂದ್ಸಲ ಕೇಳಿ ಬರ್ರಿ. ಇವ್ರನ್ನ ಬಿಟ್ಟು ನನಗ ಬರಾಕ ಆಗೂದಿಲ್ಲ. ಇಲ್ಲಿ ಯಾರನ್ನ ಕೇಳಿದ್ರೂ ಅರಳುಮರಳು ಅಂತ ನಗತಾರ."

ಹೂಂ ಅಂದೆ. ಆದರೆ ಸಿಟ್ಟು ಇಳಿದಿರಲಿಲ್ಲ. ದವಾಖಾನೆಯ ಮುಂದೆ ಎಷ್ಟೋ ಸಲ ಹಾದುಹೋದೆ, ಒಳಗೆ ಕಾಲಿಡಲಿಲ್ಲ. ಏನಂತ ಕೇಳುವುದು, ಯಾರಾದರೂ ಗದರಿದರೆ ಅನ್ನುವ ಅಂಜಿಕೆಯೂ ಇತ್ತು. ವೈನಿ ಫೋನ್ ಮಾಡಿದಾಗಲೆಲ್ಲ "ಕೇಳಿದ್ರೇನು?" ಅನ್ನುತ್ತಿದ್ದರು. ಕೊನೆಗೆ ಬೇಸತ್ತು ಅಂದೆ: "ಕೇಳೇನ್ರಿ. ವಯಸ್ಸಿನ ಮರೆವು ಅಂತ. ಏನೂ ಮಾಡಾಕ ಬರೂದಿಲ್ಲಂತ."

ವೈನಿ ಮತ್ತೊಮ್ಮೆ ಕೇಳಿದರು: "ಡಾಕ್ಟರ ಹಂಗ ಅಂದ್ರೇನು?"

ಹೌದು ಅಂದೆ.

"ಆತು ತಂಗೀ" ಅಂದು ಫೋನ್ ಇಟ್ಟರು. ಆಮೇಲೆ ಅವರು ಯಾರನ್ನೂ ಕೇಳಲಿಲ್ಲ ಅಂತ ಅವರ ಓಣಿಯವರೇ ನನಗೆ ಹೇಳಿದರು. ಡಾಕ್ಟರೇ ಅಂದ ಮೇಲೆ ಇನ್ನೇನು ಕೇಳಿಯಾರು… ಅಣ್ಣ ಹೋದ. ಮರುವರ್ಷ ವೈನಿಯೂ ಹೋದರು. ಎರಡೂ ಸಲ ನಾನು ಎದೆ ಬಡಿದುಕೊಂಡು ಅತ್ತೆ. ಎಂಥಾ ಕರುಳಿನ ತಂಗಿ ಅಂದರು ಮಂದಿ.

ಮೊನ್ನೆ ಅದೇ ದವಾಖಾನೆಯಲ್ಲಿ ಬಾಗಿಲ ಮೇಲಿನ ಬರಹ ಸರಿಯಾಗಿ ಓದದೆ ಬೇರೆ ಕೋಣೆಯಲ್ಲಿ ಕುಳಿತುಬಿಟ್ಟೆ. ಒಂದಷ್ಟು ಜನ ಸುತ್ತ ಕುಳಿತು ತಮ್ಮ ಮನೆಯ ಮರೆವಿನವರ ಬಗ್ಗೆ ಮಾತಾಡುತ್ತಿದ್ದರು. ಮುಂಡರಗಿ ಕಡೆಯವನೊಬ್ಬ ಹೇಳುತ್ತಿದ್ದ: "ನಮ್ಮವ್ವ ನನಗ 'ನಮ್ಮನಿ ಯಾವಾಗ ಖಾಲಿ ಮಾಡ್ತೀಯಪಾ?' ಅಂತಾಳ್ರಿ. ನಾನೂ 'ಬರೂ ತಿಂಗಳಾ ಯವ್ವಾ' ಅಂತೀನಿ." ಎಲ್ಲರೂ ನಕ್ಕರು. ಅವನೂ ನಕ್ಕ, ಆಮೇಲೆ ಟವೆಲಿನಿಂದ ಕಣ್ಣು ಒರೆಸಿಕೊಂಡ.

ನರ್ಸಬಾಯಿ ಅಂದರು, "ಚಲೋ ಮಾಡೀರಿ. ಎದುರು ಮಾತಾಡಬಾರದು. ಊರಿಗೆ ಹೊಂಟೇನಿ ಅಂದ್ರ, ನಡೀರಿ ನಾನೂ ಬರ್ತೀನಿ ಅನ್ರಿ. ಓಣಿ ತುದಿತನಕ ಅಡ್ಡಾಡಿಸಿ ಕರಕೊಂಡ ಬರ್ರಿ." ಈ ಜಡ್ಡಿಗೆ ಅಲ್ಝೈಮರ್ಸ್ ಅಂತಾರೆ, ಗುಣವಾಗುವುದಿಲ್ಲ, ಆದರೆ ನೋಡಿಕೊಳ್ಳುವವರು ಒಬ್ಬರೇ ಒದ್ದಾಡಿ ಸಾಯಬೇಕಾಗಿಲ್ಲ ಅಂದರು.

ಇಷ್ಟೇ ಮಾತು. ಇಷ್ಟನ್ನೇ ಕೇಳಿ ಬರ್ರಿ ಅಂದಿದ್ದರು ವೈನಿ. ವೈನಿಯ ಕಾಲಕ್ಕೂ ಈ ಕೋಣೆ ಇತ್ತೇ ಅಂತ ನರ್ಸಬಾಯಿಯನ್ನು ಕೇಳಬೇಕೆನಿಸಿತು. ಇತ್ತು ಅಂದುಬಿಟ್ಟರೆ…

ಅಷ್ಟರಲ್ಲಿ ಅವರೇ ನನ್ನ ಕಡೆ ತಿರುಗಿದರು. "ನಿಮ್ಮನ್ಯಾಗ ಯಾರಿಗೆ ಐತ್ರಿ, ಅಮ್ಮಾ?"

"ನಮ್ಮಣ್ಣಗ ಇತ್ರಿ," ಅಂದೆ. "ನಮ್ಮ ವೈನಿ ನೋಡಿಕೊಂಡ್ರು."

"ಅವ್ರನ್ನೂ ಕರಕೊಂಡ ಬರ್ರಿ."

ನನಗೆ ಎದುರಿಗಿದ್ದವರ ಮುಖಗಳು ಕಾಣಲಿಲ್ಲ. ಅಷ್ಟು ಮಂದಿಯ ನಡುವೆ, ಯಾರಿಗೆ ಹೇಳುತ್ತಿದ್ದೇನೆ ಅಂತ ಅವರಿಗೂ ತಿಳಿಯದಂತೆ, ಬಾಯಿಬಿಟ್ಟು ಹೇಳಿದೆ.

"ನಾ ಕೇಳಿದ್ದಿಲ್ರಿ ವೈನಿ. ಸುಳ್ಳು ಹೇಳಿದೆ. ನನ್ನದು ತಪ್ಪಾತ್ರಿ."