ಅಟ್ಟದ ಮೇಲಿನ ಫುಟ್‌ರೆಸ್ಟು

ಹೋದ ತಿಂಗಳು ಒಬ್ಬ ಹುಡುಗ ಹೆಣ್ಣು ನೋಡಲು ಬಂದವನ ಹಾಗೆ ಶಿಸ್ತಾಗಿ ನಮ್ಮ ಮನೆಗೆ ಬಂದ. ನೋಡಲು ಬಂದದ್ದು ನನ್ನ ಮೋಟರ್‌ಸೈಕಲ್ಲನ್ನು.

ಹೆಸರು ಅಭಯ. ನಿಪ್ಪಾಣಿಯ ತಂಬಾಕು ವ್ಯಾಪಾರಿಗಳ ಮನೆಯವನು. ವಯಸ್ಸು ಮೂವತ್ತರ ಒಳಗೆ. ಹಳೆಯ ಸ್ಪೋರ್ಟ್ಸ್ ಗಾಡಿಗಳನ್ನು ಹುಡುಕಿ ತಂದು, ಅವು ಕಂಪನಿಯಿಂದ ಹೊರಬಿದ್ದ ದಿನ ಹೇಗಿದ್ದವೋ ಹಾಗೆ ಮಾಡಿ ಇಟ್ಟುಕೊಳ್ಳುವ ಹುಚ್ಚು ಅವನಿಗೆ. ಕಿಸೆಯಲ್ಲಿ ಒಂದು ಟಾರ್ಚು ಬೇರೆ. (ಹಗಲು ಹನ್ನೊಂದಕ್ಕೆ ಟಾರ್ಚು ಏಕೆ? ಪೆಟ್ರೋಲ್ ಟಾಕಿಯ ಒಳಗೆ ತುಕ್ಕು ಹಿಡಿದಿದೆಯೇ ಎಂದು ನೋಡಲಿಕ್ಕಂತೆ.)

ಗಾಡಿಯ ಸುತ್ತ ಮೂರು ಸುತ್ತು ಬಂದ. ಕುಳಿತು ನೋಡಿದ. ಅಂಗಳದಲ್ಲಿ ಮಲಗಿ ಅಡಿಯಿಂದ ನೋಡಿದ. ನಾನು ಎಮ್ಮೆಗಳನ್ನೂ ಇಷ್ಟು ಕೂಲಂಕಷವಾಗಿ ಪರೀಕ್ಷಿಸುವುದಿಲ್ಲ. ಕೊನೆಗೆ ಎದ್ದು, ಮೊಣಕೈಯ ಮಣ್ಣು ಜಾಡಿಸುತ್ತ ಕೇಳಿದ:

"ಸರ, ಹಿಂದಿನ ಫುಟ್‌ರೆಸ್ಟ್ ಎಲ್ಲಿ ಅದಾವ್ರಿ?"

"ಅವು ಯಾವಾಗೋ ಹೋದೂ" ಎಂದೆ.

ಅವನ ಮುಖ ಸಣ್ಣದಾಯಿತು. ಎಂಜಿನ್ ನಾಲ್ಕು ಸಲ ಬಿಚ್ಚಿದ್ದೇನೆ ಎಂದಾಗಲೂ ಅವನಿಗೆ ಇಷ್ಟು ಬೇಸರವಾಗಿರಲಿಲ್ಲ.

ಈಗ ನಿಮಗೆ ಗಾಡಿಯ ಕತೆ ಹೇಳಬೇಕು. ನಾನು ದನದ ಡಾಕ್ಟರು ಎನ್ನುವುದು ನಿಮಗೆ ಗೊತ್ತು. (ಈ ಅಂಕಣದಲ್ಲಿ ಎಮ್ಮೆಗಳ ವಿಷಯ ಓದಿ ಓದಿ ನೀವೂ ಅರ್ಧ ಡಾಕ್ಟರಾಗಿದ್ದೀರಿ.) ಎಂಬತ್ತೈದರಲ್ಲಿ, ಮದುವೆಯಾದ ವರ್ಷವೇ, ನನ್ನ ಜೊತೆಯವರೆಲ್ಲ ಸ್ಕೂಟರಿಗೆ ನಂಬರು ಹಚ್ಚಿ ಕಾಯುತ್ತಿದ್ದಾಗ ನಾನು ಎರಡು ಸೈಲೆನ್ಸರಿನ, ಮುನ್ನೂರೈವತ್ತು ಸಿಸಿಯ ಗಾಡಿ ತಂದೆ. ಕಂಪನಿಯ ಹೆಸರು ಬೇಡ ಬಿಡಿ. ಆ ಕಾಲದಲ್ಲಿ ಹುಡುಗರಾಗಿದ್ದವರಿಗೆ ಎರಡು ಸೈಲೆನ್ಸರು ಎಂದರೆ ಸಾಕು, ಉಳಿದದ್ದನ್ನು ಅವರೇ ಹೇಳುತ್ತಾರೆ.

ಸ್ಪೋರ್ಟ್ಸಿಗೂ ಆಗುತ್ತದೆ, ಟೂರಿಂಗಿಗೂ ಆಗುತ್ತದೆ ಎಂದು ಮಾರಿದವರು ಹೇಳಿದ್ದರು. ನನಗೆ ಟೂರಿಂಗ್ ಎನ್ನುವ ಶಬ್ದವೇ ಸಾಕಾಗಿತ್ತು. ಮನೆಗೆ ಬಂದವನೇ ಹೆಂಡತಿ ಸುನಂದಾಳಿಗೆ ಹೇಳಿದೆ, ಇದರ ಮೇಲೆ ನಿನ್ನನ್ನು ಗೋವಾಕ್ಕೆ ಕರೆದುಕೊಂಡು ಹೋಗಿ ಸಮುದ್ರ ತೋರಿಸುತ್ತೇನೆ ಎಂದು.

ಅವಳು ಉಗಾರ ಖುರ್ದದವಳು. ಕೃಷ್ಣೆಯ ದಂಡೆಯಲ್ಲಿ ಬೆಳೆದವಳು.

"ನಮ್ಮ ಹೊಳಿಗಿಂತ ದೊಡ್ಡದೈತೇನ್ರಿ?" ಎಂದು ಕೇಳಿದಳು.

"ಆಚೀ ದಂಡಿ ಕಾಣಂಗಿಲ್ಲ."

"ಮಳಿಗಾಲದಾಗ ನಮ್ಮ ಹೊಳಿದೂ ಕಾಣಂಗಿಲ್ಲ" ಎಂದಳು. ಆದರೂ ಅವಳ ಕಣ್ಣು ದೊಡ್ಡವಾಗಿದ್ದವು. ಮರುದಿನವೇ ಮಿರಜಿಗೆ ಹೋಗಿ ಸೀರೆ ಚಕ್ರಕ್ಕೆ ಸಿಕ್ಕದಂತೆ ಒಂದು ಸೀರೆ ಗಾರ್ಡು ಹಾಕಿಸಿಕೊಂಡು ಬಂದೆ. ಆ ಗಾಡಿಗೆ ಅದು ಒಂದಿಷ್ಟೂ ಒಪ್ಪುತ್ತಿರಲಿಲ್ಲ. ನನಗೆ ಮಾತ್ರ ಬಹಳ ಚಂದ ಕಂಡಿತು.

ಆಮೇಲೆ? ಆಮೇಲೆ ಏನಾಗುತ್ತದೆ, ನೌಕರಿ ಆಯಿತು.

ಹಸುಗಳಿಗೆ ಕೃತಕ ಗರ್ಭಧಾರಣೆ ಮಾಡುವ ವೀರ್ಯದ ಕಡ್ಡಿಗಳನ್ನು ದ್ರವ ನೈಟ್ರೋಜನ್ ತುಂಬಿದ ಕ್ಯಾನಿನಲ್ಲಿ ಒಯ್ಯಬೇಕು. ಹಾಲಿನ ಕ್ಯಾನಿನ ಹಾಗೇ ಇರುತ್ತದೆ, ಆದರೆ ಅಲುಗಾಡಬಾರದು, ಉರುಳಬಾರದು. ಅದನ್ನು ಗಾಡಿಯ ಮೇಲೆ ಎಲ್ಲಿಡುವುದು? ರಾಯಬಾಗದ ಬಾಬು ಮಿಸ್ತ್ರಿ ದಾರಿ ತೋರಿಸಿದ. ಈತ ಮೂಲತಃ ಹೊಳೆದಂಡೆಯ ಪಂಪ್‌ಸೆಟ್ಟುಗಳ ರಿಪೇರಿಯವನು. ಅವನ ದೃಷ್ಟಿಯಲ್ಲಿ ಮೋಟರ್‌ಸೈಕಲ್ ಎಂದರೆ ಗಾಲಿ ಹಚ್ಚಿದ ಪಂಪು. ಹಿಂದಿನ ಸೀಟಿನ ಮೇಲೆ ಕಬ್ಬಿಣದ ಒಂದು ಬಳೆ ಕೂರಿಸಿ, ಅದರ ಕಾಲುಗಳನ್ನು ಫುಟ್‌ರೆಸ್ಟಿನ ಜಾಗದಲ್ಲಿ ಬೋಲ್ಟ್ ಹಾಕಿ ಬಿಗಿದ. ಫುಟ್‌ರೆಸ್ಟು ಮತ್ತು ಸೀರೆ ಗಾರ್ಡು ಅಡ್ಡ ಬಂದವು, ಬಿಚ್ಚಿದ.

ಬಾಬು ಮಿಸ್ತ್ರಿಯದು ಒಂದು ಪದ್ಧತಿ. ಬಿಚ್ಚಿದ್ದು ಕೆಲಸಕ್ಕೆ ಬರಲಿ ಬಿಡಲಿ, ಹಳೆಯ ಟ್ಯೂಬಿನ ಪಟ್ಟಿಯಿಂದ ಕಟ್ಟಿ ಮಾಲೀಕರ ಕೈಯಲ್ಲೇ ಕೊಡುತ್ತಾನೆ. "ನಿಮ್ಮ ಸಾಮಾನ ನಿಮ್ಮ ಮನ್ಯಾಗ ಇರ್ಲಿ, ನಾಳಿ ನನ್ನ ಮ್ಯಾಲ ಬರೂದು ಬ್ಯಾಡ" ಎನ್ನುತ್ತಾನೆ. ನಾನು ಆ ಗಂಟನ್ನು ತಂದು ಹಿತ್ತಲಿನಲ್ಲಿ ಎಸೆದೆ. ಎರಡು ತಿಂಗಳ ಮಟ್ಟಿಗೆ ಎಂದುಕೊಂಡಿದ್ದೆ. ಮೂವತ್ತು ವರ್ಷವಾಯಿತು.

ಈ ಮೂವತ್ತು ವರ್ಷದಲ್ಲಿ ನನ್ನ ಟೂರಿಂಗ್ ಗಾಡಿ ಮಾಡಿದ ಟೂರು ಕೇಳಿ. ರಾಯಬಾಗದಿಂದ ದಿಗ್ಗೇವಾಡಿ. ದಿಗ್ಗೇವಾಡಿಯಿಂದ ಉಗಾರ. ಉಗಾರದಿಂದ ಕಾಗವಾಡ. ಬಹಳ ದೂರ ಎಂದರೆ ಅಥಣಿ. ವರ್ಗವಾದಾಗ ಚಿಕ್ಕೋಡಿ. ಕಬ್ಬಿನ ಗಾಡಿಗಳ ಹಿಂದೆ ಎರಡನೇ ಗೇರಿನಲ್ಲಿ, ಒಂದು ಕಾಲು ನೆಲಕ್ಕೆ ಊರುತ್ತ. ನೂರಿಪ್ಪತ್ತರ ವೇಗದಲ್ಲಿ ಓಡಲೆಂದು ಹುಟ್ಟಿದ ಎಂಜಿನ್ನಿಗೆ ಇದಕ್ಕಿಂತ ದೊಡ್ಡ ಅವಮಾನ ಇದೆಯೇ? ಅದು ತನ್ನ ಸಿಟ್ಟನ್ನು ಪೆಟ್ರೋಲ್ ಕುಡಿದು ತೀರಿಸಿಕೊಂಡಿತು.

ಇನ್ನು ಅದರ ಸದ್ದು. ಸೂಜಿ ಚುಚ್ಚುವವನು ಬರುವುದು ಈ ಸದ್ದಿನೊಂದಿಗೇ ಎಂದು ದಿಗ್ಗೇವಾಡಿಯ ಎಮ್ಮೆಗಳು ಒಂದೇ ವರ್ಷದಲ್ಲಿ ಕಲಿತುಬಿಟ್ಟವು. ಗಾಡಿ ಊರಬಾಗಿಲ ಅಗಸಿಗೆ ಬರುವುದರೊಳಗೆ ಹಗ್ಗ ಹರಿದುಕೊಂಡು ಕಬ್ಬಿನ ಹೊಲಕ್ಕೆ ನುಗ್ಗುತ್ತಿದ್ದವು. ರೈತರು ಬಂದು ಕೈ ಮುಗಿದರು: "ಡಾಕ್ಟ್ರ, ಊರ ಹೊರಗ ಬಂದ್ ಮಾಡಿ ನೂಕ್ಕೋಂತ ಬರ್ರಿ." ಅಂದಿನಿಂದ ನಾನು ಹಳ್ಳಿಯ ಹೊರಗೆ ಎಂಜಿನ್ ಆರಿಸಿ, ಆ ಕ್ವಿಂಟಲುಗಟ್ಟಲೆ ಕಬ್ಬಿಣವನ್ನು ನೂಕಿಕೊಂಡು ಊರೊಳಗೆ ಹೋಗತೊಡಗಿದೆ. ಸ್ಪೋರ್ಟ್ಸ್ ಗಾಡಿಯನ್ನು ಓಡಿಸಿದ್ದಕ್ಕಿಂತ ಹೆಚ್ಚು ನೂಕಿದವನು ಈ ದೇಶದಲ್ಲಿ ನಾನೊಬ್ಬನೇ ಇರಬೇಕು. ನನ್ನ ಬೆನ್ನು ಹೋದದ್ದು ಹೀಗೆ.

ಗೋವಾ? ಸುನಂದಾ ಮೊದಲ ವರ್ಷ ತಿಂಗಳಿಗೊಮ್ಮೆ ಕೇಳಿದಳು. ಆಮೇಲೆ ದೀಪಾವಳಿಗೊಮ್ಮೆ. ನನ್ನ ಉತ್ತರ ಒಂದೇ: "ಗಾಡಿ ಒಮ್ಮೆ ಪೂರಾ ರೆಡಿ ಆಗ್ಲಿ, ಹೋಗೂಣು." ಒಂದು ವರ್ಷ ಪಿಸ್ಟನ್ ರಿಂಗು ಹೋಗಿತ್ತು. ಒಂದು ವರ್ಷ ಕ್ಲಚ್ ಪ್ಲೇಟು. ಒಂದು ವರ್ಷ ದನಗಳಿಗೆ ಕಾಲುಬಾಯಿ ಬೇನೆ. ಗಾಡಿ ರೆಡಿಯಾದಾಗ ರಜೆ ಇರುತ್ತಿರಲಿಲ್ಲ, ರಜೆ ಸಿಕ್ಕಾಗ ಗಾಡಿ ಬಾಬು ಮಿಸ್ತ್ರಿಯ ಅಂಗಳದಲ್ಲಿ ಬಿಚ್ಚಿ ಬಿದ್ದಿರುತ್ತಿತ್ತು. ಯಾವಾಗ ಕೇಳುವುದನ್ನು ಬಿಟ್ಟಳೋ ನೆನಪಿಲ್ಲ. ನಿಜ ಹೇಳಬೇಕೆಂದರೆ, ಬಿಟ್ಟಾಗ ನನಗೆ ಹಾಯೆನಿಸಿತ್ತು. ಇದನ್ನು ಬರೆಯುವಾಗ ನಾಚಿಕೆಯಾಗುತ್ತದೆ, ಆದರೂ ನಿಜ.

ಮರಳಿ ಅಭಯನ ಬಳಿಗೆ ಬರೋಣ. ಫುಟ್‌ರೆಸ್ಟು ಇಲ್ಲವೆಂದು ಮುಖ ಸಣ್ಣ ಮಾಡಿಕೊಂಡವನು, ಸಮಾಧಾನಕ್ಕೆಂಬಂತೆ ಕೇಳಿದ: "ಎಲ್ಲೆಲ್ಲಿ ಟೂರ್ ಮಾಡೀರಿ ಸರ ಇದರ ಮ್ಯಾಲ?"

ಇಂಥ ಗಾಡಿಯ ಮಾಲೀಕ ಏನೆಂದು ಹೇಳಬೇಕು? ದಿಗ್ಗೇವಾಡಿ ಎಂದೇ?

"ಹಿಂಗ... ಮಹಾಬಳೇಶ್ವರ, ಗೋವಾ" ಎಂದುಬಿಟ್ಟೆ.

ಸುನಂದಾ ಆಗ ಚಹಾ ತರುತ್ತಿದ್ದಳು. ಕೇಳಿಸಿತು. ಕಪ್ಪು ಬಸಿ ಕಟ್ಟೆಯ ಮೇಲಿಟ್ಟು ಒಳಗೆ ಹೋದಳು. ಸ್ವಲ್ಪ ಹೊತ್ತಿಗೆ ಅಟ್ಟದ ಏಣಿ ಕಿರುಗುಟ್ಟಿದ ಸದ್ದು. ಹೊರಗೆ ಬಂದಾಗ ಕೈಯಲ್ಲಿ ಹಳೆಯ ಇಳಕಲ್ ಸೀರೆಯ ಒಂದು ಗಂಟಿತ್ತು.

ಬಿಚ್ಚಿದಳು. ಒಳಗೆ ಎರಡು ಫುಟ್‌ರೆಸ್ಟು, ನಟ್ಟು ಬೋಲ್ಟುಗಳ ಸಮೇತ. ಜೊತೆಗೆ ಸೀರೆ ಗಾರ್ಡು. ಎಲ್ಲಕ್ಕೂ ಎಣ್ಣೆ ಸವರಿತ್ತು. ವರ್ಷ ವರ್ಷವೂ ಸವರಿರಬೇಕು, ಒಂದು ಚುಕ್ಕೆ ತುಕ್ಕಿರಲಿಲ್ಲ.

"ತಗೋಪಾ, ಹೊಸಾವ ಅದಾವ" ಎಂದಳು ಅಭಯನಿಗೆ. "ಭಾಳಂದ್ರ ನಾಕ ಸಲ ಕಾಲ ಇಟ್ಟಿರಬೇಕ."

"ಏಕ್ ನಂಬರ್, ಕಾಕು! ಕಂಪನೀವ ಅದಾವ!" ಹುಡುಗ ಫುಟ್‌ರೆಸ್ಟುಗಳನ್ನು ಕೂಸಿನ ಹಾಗೆ ಎತ್ತಿಕೊಂಡ. ಸೀರೆ ಗಾರ್ಡನ್ನು ಮಾತ್ರ ಪಕ್ಕಕ್ಕೆ ಸರಿಸಿದ. "ಇದು ಬ್ಯಾಡ್ರಿ, ಇದು ಕಂಪನಿದಲ್ಲ."

ನಾನು ಚಹಾ ನೋಡುತ್ತ ಕುಳಿತೆ. ಅದನ್ನೆಲ್ಲ ಅವಳು ಏಕೆ ಇಟ್ಟಿದ್ದಳು ಎಂದು ಕೇಳುವ ಧೈರ್ಯ ನನಗಿರಲಿಲ್ಲ. ಕೇಳುವ ಅವಶ್ಯಕತೆಯಾದರೂ ಏನಿತ್ತು?

"ಗಾಡಿ ಇವತ್ತ ಕೊಡಂಗಿಲ್ಲಪಾ" ಎಂದೆ. "ಮೊದ್ಲ ನಾವಿಬ್ಬರೂ ಗೋವಾಕ್ಕ ಹೋಗಿ ಬರ್ತೀವಿ. ಬಂದ ಮ್ಯಾಲ ನಾನ ನಿಪ್ಪಾಣಿಗೆ ತಂದು ಮುಟ್ಟಸ್ತೇನಿ."

"ಇನ್ನೊಮ್ಮೆ ಹೊಂಟೀರೇನ್ರಿ?" ಎಂದ ಅಭಯ.

ನಾನು ಬಾಯಿ ತೆರೆಯುವುದರೊಳಗೆ ಸುನಂದಾ ಹೇಳಿದಳು: "ಹೌದಪಾ. ಇನ್ನೊಮ್ಮೆ."

ಬಾಬು ಮಿಸ್ತ್ರಿ ಕಬ್ಬಿಣದ ಬಳೆ ಬಿಚ್ಚಿದ. ಕ್ಯಾನು ಕುಳಿತ ಜಾಗದಲ್ಲಿ ಸೀಟು ತಗ್ಗಾಗಿತ್ತು. ಅದರ ಮೇಲೆ ಸುನಂದಾ ಒಂದು ಕೌದಿ ಮಡಚಿ ಹಾಕಿದಳು. ಫುಟ್‌ರೆಸ್ಟು ಬಂತು, ಸೀರೆ ಗಾರ್ಡು ಬಂತು. ಬುಧವಾರ ಬೆಳಿಗ್ಗೆ ಹೊರಟೆವು. ಓಣಿಯವರೆಲ್ಲ ಬಾಗಿಲಿಗೆ ಬಂದು ನಿಂತಿದ್ದರು. ಮೂವತ್ತು ವರ್ಷಗಳ ಮೇಲೆ ಅವಳ ಕೈ ನನ್ನ ಹೆಗಲ ಮೇಲಿತ್ತು, ಗಾಡಿಯ ಮೇಲೆ. ಊರು ದಾಟಿದ ಮೇಲೆ ಒಮ್ಮೆ ಥ್ರಾಟಲ್ ತಿರುವಿದೆ. ಎರಡೂ ಸೈಲೆನ್ಸರು ಒಟ್ಟಿಗೆ ಕೂಗಿದವು. ಹಿಂದಿನಿಂದ ಅವಳು "ಅಯ್ಯ, ಸಾವಕಾಶ!" ಎಂದು ನಕ್ಕಳು. ಆ ನಗು ಒಂದು ಕ್ಷಣ ಎಂಬತ್ತೈದರ ನಗುವೇ ಆಗಿತ್ತು.

ಒಂದು ಕ್ಷಣ ಅಷ್ಟೇ. ಚಿಕ್ಕೋಡಿ ಬರುವುದರೊಳಗೆ ನನ್ನ ಸೊಂಟ ಹಿಡಿಯಿತು. ಅವಳ ಮೊಣಕಾಲು ಹಿಡಿಯಿತು. ಅಲ್ಲಿ ಇಳಿದು ಚಹಾ ಕುಡಿದೆವು, ಇಬ್ಬರೂ ನೋವಿನ ಸುದ್ದಿ ಎತ್ತಲಿಲ್ಲ. ಮತ್ತೆ ಹತ್ತಿದೆವು. ತಗ್ಗು ಬಂದಾಗೆಲ್ಲ ಹೆಗಲ ಮೇಲಿನ ಕೈ ಬಿಗಿಯಾಗುತ್ತಿತ್ತು, ನಾನು ಹಲ್ಲು ಕಚ್ಚುತ್ತಿದ್ದೆ. ನಿಪ್ಪಾಣಿಯಲ್ಲಿ ಅಭಯನ ಮನೆಯ ಮುಂದೆ ನಿಲ್ಲಿಸಿದೆ, ಬ್ರೇಕು ಒಮ್ಮೆ ನೋಡಿಸೋಣ ಎಂಬ ನೆಪ. ಇಳಿಯಲು ಹೋದರೆ ಕಾಲು ಎತ್ತಲಾಗಲಿಲ್ಲ. ಅಭಯ ಬಂದು ನನ್ನನ್ನು ರಟ್ಟೆ ಹಿಡಿದು ಇಳಿಸಿದ.

ಮುಂದೆ ಅಂಬೋಲಿ ಘಾಟು. ನಾನು ದಾರಿ ನೋಡಿದೆ, ಗಾಡಿ ನೋಡಿದೆ. ಮೊದಲ ಸಲ ಗಾಡಿ ಪೂರಾ ರೆಡಿ ಇತ್ತು. ನಾವು ಇರಲಿಲ್ಲ.

"ಸುನಂದಾ, ಇನ್ನ ನನ್ನ ಕೈಲೆ ಆಗಂಗಿಲ್ಲ" ಎಂದೆ.

ಸಿಟ್ಟಾಗುತ್ತಾಳೆ ಎಂದುಕೊಂಡಿದ್ದೆ. ಆಗಿದ್ದರೆ ಒಳ್ಳೆಯದಿತ್ತು.

"ನನಗ ಗೊತ್ತಿತ್ರಿ" ಎಂದಳು. "ಅದಕ್ಕ ಸಣ್ಣ ಬ್ಯಾಗ ತಂದೇನಿ. ಬಸ್ಸಿನ್ಯಾಗ ತೊಡಿ ಮ್ಯಾಲ ಕುಂಡ್ರತೈತಿ."

ಚಾವಿಯನ್ನು ಅಲ್ಲೇ ಅಭಯನ ಕೈಗೆ ಕೊಟ್ಟೆ. ಅವನು ಮೊದಲು ಮಾಡಿದ ಕೆಲಸವೆಂದರೆ ಪಾನಾ ತಂದು ಸೀರೆ ಗಾರ್ಡು ಬಿಚ್ಚಿದ್ದು. ಬಿಚ್ಚಿ ಸುನಂದಾಳ ಕಡೆ ಚಾಚಿದ. ಅವಳು ಕೈ ಮುಂದೆ ಮಾಡಲಿಲ್ಲ.

"ನಿನ್ನ ಹಂತ್ಯಾಕ ಇರ್ಲಪಾ" ಎಂದಳು. "ನಾಳಿ ನಿನ್ನ ಹಿಂದೂ ಕುಂಡ್ರಾಕ ಯಾರರ ಬರ್ತಾರ. ಅಕಿ ಏನರ ಕೇಳಿದ್ರ ಗಾಡಿ ರೆಡಿ ಆಗ್ಲಿ ಅನಬ್ಯಾಡ."

ಹುಡುಗ ನಕ್ಕ. ನನಗೆ ನಗು ಬರಲಿಲ್ಲ.

ಬಸ್‌ ಸ್ಟ್ಯಾಂಡಿಗೆ ನಡೆದು ಹೋದೆವು. ಕೊಲ್ಹಾಪುರದಿಂದ ಪಣಜಿಗೆ ಹೋಗುವ ಬಸ್ಸು ಬಂತು. ಕಿಟಕಿ ಪಕ್ಕದ ಸೀಟೇ ಸಿಕ್ಕಿತು. ಸುನಂದಾ ಕಾಲು ಚಾಚಿ, ಬ್ಯಾಗನ್ನು ತೊಡೆಯ ಮೇಲಿಟ್ಟುಕೊಂಡು ಕುಳಿತಳು. ಕಂಡಕ್ಟರು ಟಿಕೆಟ್ ಹರಿದ. ಬಸ್ಸು ಹೊರಟಿತು. ಊರ ಹೊರಗಿನ ತಂಬಾಕಿನ ಹೊಲಗಳು ಮುಗಿಯುವವರೆಗೂ ಅವಳು ಹೊರಗೇ ನೋಡುತ್ತಿದ್ದಳು. ಆಮೇಲೆ ನನ್ನ ಕಡೆ ತಿರುಗಿ, ಸಿಟ್ಟಿಲ್ಲದೆ, ಸುಮ್ಮನೆ ತಿಳಿದುಕೊಳ್ಳಲು ಕೇಳುವವಳಂತೆ ಕೇಳಿದಳು:

"ಅಲ್ರಿ, ಈ ಬಸ್ಸು ಆವಾಗೂ ಇತ್ತಲ್ಲ?"