ಎಳೆದಾಗ ಮಾತ್ರ ನುಡಿಯುವ ಸ್ವರ

ಮೇ ತಿಂಗಳ ಒಂದು ಶನಿವಾರ ಬೆಳಿಗ್ಗೆ ಅಕಾರ್ಡಿಯನ್ ಎದೆಗೇರಿಸಿ ತಿದಿ ಎಳೆದೆ. ಬುಸ್ಸೆಂದು ಗಾಳಿ ಬಂತು, ಸ್ವರ ಬರಲಿಲ್ಲ. ಅಲುಗಿಸಿದರೆ ಒಳಗೆ ಏನೋ ಗಲಗಲ ಎನ್ನುತ್ತಿತ್ತು.

ಪತ್ರಿಕೆಯ ಕೆಲಸಕ್ಕೆಂದು ಮಂಗಳೂರಿನಿಂದ ಕೂಡ್ಲಿಗಿಗೆ ಬಂದು ಏಳು ತಿಂಗಳಾಗಿತ್ತು. ಬಾಡಿಗೆ ಮನೆಗೆ ತಗಡಿನ ಸೂರು. ನೆಲದ ತೇವ ತಾಗದಿರಲೆಂದು ನಮ್ಮೂರಲ್ಲಿ ವಾದ್ಯವನ್ನು ಅಟ್ಟದ ಮೇಲಿಡುತ್ತೇವೆ. ಇಲ್ಲೂ ಹಾಗೇ ಇಟ್ಟಿದ್ದೆ. ನಮ್ಮದು ಬೆವರಿಳಿಸುವ ಸೆಕೆ; ಇಲ್ಲಿಯದು ಜಳ, ಬೆವರು ಮೂಡುವ ಮೊದಲೇ ಆರಿಸಿಬಿಡುವ ಒಣ ಬಿಸಿ. ಇದು ವಾದ್ಯಕ್ಕೂ ಅನ್ವಯಿಸುತ್ತದೆಂದು ಹೊಳೆದಿರಲಿಲ್ಲ.

ಅದು ಅಪ್ಪನ ಅಕಾರ್ಡಿಯನ್. ಮದುವೆಮನೆಗಳಲ್ಲಿ ನುಡಿಸಿ ನುಡಿಸಿ ಭುಜ ಸೋತಾಗ ನನಗೆ ಕೊಟ್ಟರು. ಪ್ರತಿ ಭಾನುವಾರ ಸಂಜೆ ನಾನು ನುಡಿಸುವುದನ್ನು ಫೋನಿನಲ್ಲಿ ಕೇಳುತ್ತಾರೆ. ಉಳಿದಿದ್ದು ಒಂದೇ ದಿನ.

ಕೊಟ್ಟೂರಿನಲ್ಲಿ ಹಾರ್ಮೋನಿಯಂ ರಿಪೇರಿ ಮಾಡುವ ಹುಸೇನಸಾಬರಲ್ಲಿಗೆ ಬಸ್ಸು ಹಿಡಿದೆ.

"ಏನ್ ಮೇಡಂ, ಪೆಟಿಗಿನೋ ಕೂಸೋ? ಹಿಂಗ ಅವಚಿಕೊಂಡು ಬಂದೀರಿ!"

"ಎದೆಗೆ ಕಟ್ಟಿಕೊಂಡೇ ನುಡಿಸೋದು ಸಾಬ್ರೇ."

"ಹಂಗಾರ ಕರಿ-ಬಿಳಿ ಪಟ್ಟಿ ಕಣ್ಣಿಗೆ ಕಾಣ್ತಾವೇನ್ರಿ?"

"ಇಲ್ಲ. ಬೆರಳಿಗೆ ಗೊತ್ತಿರ್ತದೆ."

"ಕತ್ಲಾಗ ಉಂಡಂಗ ಬಿಡ್ರಿ. ಕೈ ಬಾಯಿ ತಪ್ಪಂಗಿಲ್ಲ."

ನುಡಿಸುವ ಸುಖವನ್ನು ಅಷ್ಟು ಚೆನ್ನಾಗಿ ನನಗೆ ಹೇಳಲು ಬಂದಿರಲಿಲ್ಲ.

ಅವರು ಒಂದೊಂದೇ ಮೊಳೆ ಕೀಳುತ್ತಿದ್ದರು, ನಾನು ಗೊತ್ತಿದ್ದಷ್ಟು ಹೇಳುತ್ತಿದ್ದೆ. ಸುಮಾರು ಇನ್ನೂರು ವರ್ಷಗಳ ಹಿಂದೆ ವಿಯೆನ್ನಾದಲ್ಲಿ ಇದಕ್ಕೆ ಈ ಹೆಸರು ಬಂತು. ಗಾಳಿಗೆ ನಡುಗಿ ಸ್ವರ ಹೊರಡಿಸುವ ನಾಲಗೆಯ, ಅಂದರೆ ರೀಡಿನ, ಉಪಾಯ ಮಾತ್ರ ಚೀನಾದ ಬಿದಿರಿನ ಬಾಯಿವಾದ್ಯದಷ್ಟು ಹಳೆಯದು. ಹಾರ್ಮೋನಿಯಮ್ಮೂ ಅದೇ ವಂಶ, ಆದರೆ ಅದರ ನಾಲಗೆ ಒಂದೇ ದಿಕ್ಕಿನ ಗಾಳಿಗೆ ನುಡಿಯುತ್ತದೆ. ಇದರಲ್ಲಿ ಪ್ರತಿ ಸ್ವರಕ್ಕೂ ಜೋಡಿ ನಾಲಗೆ: ತಿದಿ ಎಳೆದಾಗ ಒಂದು, ಒತ್ತಿದಾಗ ಇನ್ನೊಂದು.

ಮುಚ್ಚಳ ತೆರೆಯಿತು. ತಗಡಿನಡಿಯ ಅಟ್ಟದ ಕಾವಿಗೆ, ಅಂಟಿಸಿದ್ದ ಮೇಣ ಕರಗಿ ನಾಲಗೆಗಳು ಉದುರಿಬಿದ್ದಿದ್ದವು.

"ಮೇಣದಾಗ ಕುಂದ್ರಿಸ್ಯಾರಲ್ರೀ! ನಮ್ಮ ಜಳಕ್ಕ ಮೇಣ ನಿಂತೀತೇನು? ಎಲ್ಲಾ ಕಿತ್ತು ಹಿತ್ತಾಳಿ ನಾಲಿಗಿ ಹಾಕಿ ಸ್ಕ್ರೂ ಹೊಡದ್‌ಬಿಡ್ತೀನಿ."

"ಬೇಡ. ನಾದ ಬದಲಾದ್ರೆ ಅಪ್ಪನಿಗೆ ಗುರುತೇ ಸಿಗ್ಲಿಕ್ಕಿಲ್ಲ."

ಸ್ಕ್ರೂಡ್ರೈವರ್ ಗಾಳಿಯಲ್ಲೇ ನಿಂತಿತು. ನಂತರ ಅವರು ಎದ್ದುಹೋಗಿ ಜೇನುಮೇಣ ತಂದರು. ಕಾಯಿಸಿ, ರಾಳ ಬೆರೆಸಿ, ಒಂದೊಂದನ್ನೇ ಕೂರಿಸತೊಡಗಿದರು. ನಾನು ಗಡಿಯಾರ ನೋಡುತ್ತ ಕುಳಿತೆ. ಸಂಜೆಯ ಹೊತ್ತಿಗೆ ಒಂದು ಜೋಡಿ ಅವರ ಅಂಗೈಯಲ್ಲಿ ಉಳಿಯಿತು. ಎರಡೂ ಮುರಿದಿದ್ದವು.

"ತುಕ್ಕು ನೋಡ್ರಿ. ನಿಮ್ಮೂರ ಉಪ್ಪುಗಾಳಿ ತಿಂದೈತಿ, ನಮ್ಮೂರ ಜಳ ಕೆಡವೈತಿ. ಇಬ್ರೂ ಕೂಡಿ ಮಾಡ್ಯಾರ, ನನ್ನ ಬೈಬ್ಯಾಡ್ರಿ."

ಆ ಒಂದು ಸ್ವರಕ್ಕೆ ಹಾರ್ಮೋನಿಯಂನ ಹಿತ್ತಾಳೆ ನಾಲಗೆ ಹಾಕಲು ಒಪ್ಪಿದೆ. ಅಳತೆಗೆ ಹೊಂದುವುದು ಒಂದೇ ಸಿಕ್ಕಿತು; ಅದು ತಿದಿ ಎಳೆದಾಗ ಮಾತ್ರ ನುಡಿಯುತ್ತದೆ.

ಭಾನುವಾರ ನುಡಿಸಿದೆ. ಅಪ್ಪ ಫೋನಿನಲ್ಲಿ ಕೊನೆತನಕ ಕೇಳಿದರು.

"ಒಂದು ಸ್ವರ ಬೇರೆ ಉಂಟಲ್ಲ ಮಗಾ?"

ನಡೆದದ್ದನ್ನೆಲ್ಲ ಹೇಳಿದೆ. ಅಟ್ಟದ ಸಂಗತಿಯನ್ನೂ ಮುಚ್ಚಿಡಲಿಲ್ಲ.

"ಇನ್ನೊಮ್ಮೆ ನುಡಿಸು" ಎಂದರು.

ಈಗ ಅಕಾರ್ಡಿಯನ್ ಕೂಡ್ಲಿಗಿಯಲ್ಲಿ ಮಂಚದ ಕೆಳಗಿರುತ್ತದೆ. ಊರಿಗೆ ಹೋದರೆ ಅಟ್ಟದ ಮೇಲೆ. ಅಪ್ಪನ ಮೆಚ್ಚಿನ ಹಾಡಿನಲ್ಲಿ ಆ ಸ್ವರ ಎರಡು ಸಲ ಬರುತ್ತದೆ. ಮೊದಲ ಸಲ ತಿದಿ ಎಳೆತದಲ್ಲಿರುತ್ತದೆ, ಕೊಟ್ಟೂರಿನ ಹಿತ್ತಾಳೆ ನುಡಿಯುತ್ತದೆ. ಎರಡನೆಯ ಸಲ ಒತ್ತುತ್ತಿರುತ್ತೇನೆ, ಬರೀ ಗಾಳಿ. ಆ ಜಾಗದಲ್ಲಿ ಅಪ್ಪ ಮಂಗಳೂರಿನಿಂದ ಆ ಸ್ವರ ಗುನುಗುತ್ತಾರೆ.